ಇಪ್ಪತ್ತೊಂದು ತುಂಬಿರಬೇಕು

ಜಡೆಮ್ಮನಿಗೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಸಿರುಗುಪ್ಪ ರಸ್ತೆಯ ನಮ್ಮ ರೆಸಾರ್ಟಿನಲ್ಲಿ, ಈಜುಕೊಳ ದಾಟಿ ಬಾರಿಗೆ ಹೋಗುವ ಬಾಗಿಲ ಹತ್ತಿರ ಆಕೆಗೆಂದೇ ಒಂದು ಟೇಬಲ್ಲು, ಕುರ್ಚಿ, ತಲೆಯ ಮೇಲೊಂದು ಫ್ಯಾನು ಇದೆ. ದಿನವಿಡೀ ವ್ಯಾನು ಓಡಿಸಿ ಸೊಂಟ ಹಿಡಿಸಿಕೊಂಡ ನನ್ನಂಥ ಡ್ರೈವರನಿಗೆ ಆ ಕುರ್ಚಿ ಕಂಡರೆ ಹೊಟ್ಟೆಕಿಚ್ಚು. ಆಕೆ ಮಾತ್ರ ಅದರ ಮೇಲೆ ತನ್ನ ಬುತ್ತಿಯ ಚೀಲ ಇಟ್ಟು, ತಾನು ಟೇಬಲ್ಲಿನ ಸುತ್ತ ತಿರುಗುತ್ತಿರುತ್ತಾಳೆ. ನೋಡಿ ನೋಡಿ ನನಗೇ ತಲೆ ಸುತ್ತುತ್ತದೆ.

ಬಾರಿಗೆ ಹೋಗುವವರ ಆಧಾರ್ ಕಾರ್ಡು ನೋಡುವುದು ಆಕೆಯ ಕೆಲಸ. ಇಪ್ಪತ್ತೊಂದು ತುಂಬಿದ್ದರೆ ಮಣಿಕಟ್ಟಿಗೆ ಹಸಿರು ಪಟ್ಟಿ, ಇಲ್ಲದಿದ್ದರೆ ಬಿಳಿ. ಬಿಳಿಯವನು ಈಜಬಹುದು, ಬಿರಿಯಾನಿ ತಿನ್ನಬಹುದು, ಕೇರಂ ಆಡಬಹುದು, ಬಾರಿನ ಹೊಸ್ತಿಲು ಮಾತ್ರ ದಾಟುವಂತಿಲ್ಲ. ಮೊದಲು ಆ ಜಾಗದಲ್ಲಿ ಗಂಡಸು ಸೆಕ್ಯುರಿಟಿ ಇದ್ದ. ಒಂದು ಭಾನುವಾರ ಹುಡುಗರು ಅವನ ಕೊರಳಪಟ್ಟಿ ಹಿಡಿದು ನೀರಿಗೆ ತಳ್ಳಿದರು. ಹೆಂಗಸನ್ನು ನಿಲ್ಲಿಸಿದರೆ ಯಾರೂ ಕೈ ಎತ್ತುವುದಿಲ್ಲ ಎಂದು ಲೆಕ್ಕ ಹಾಕಿದ ಮ್ಯಾನೇಜರ್, ಹಿಂದುಗಡೆ ಚಾದರ ಒಗೆಯುತ್ತಿದ್ದ ಜಡೆಮ್ಮನನ್ನು ಕರೆದು ಈ ಟೇಬಲ್ಲು ಕೊಟ್ಟ. ದೇಶನೂರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿ ಬೆನ್ನು ಬಗ್ಗಿಸಿದ್ದವಳು, ಮಗಳ ಓದಿಗೆಂದು ಬಳ್ಳಾರಿಯ ಪಾರ್ವತಿನಗರದಲ್ಲಿ ಒಂದು ಖೋಲಿ ಹಿಡಿದು ಕೂತಿದ್ದಳು. ಗಂಡ ರಂಗಣ್ಣ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲೇ ಉಳಿದ.

ಹುಡುಗರ ಆಟಗಳನ್ನು ಹೇಳಿದರೆ ಮುಗಿಯುವುದಿಲ್ಲ. ಅಣ್ಣನ ಕಾರ್ಡು ತರುವವನೊಬ್ಬ. ಫೋನಿನಲ್ಲಿ ಇಸವಿ ತಿದ್ದಿದ ಫೋಟೊ ತೋರಿಸುವವನು ಇನ್ನೊಬ್ಬ. ಆದೋನಿ ಕಡೆಯಿಂದ ಗಡಿ ದಾಟಿ ಬರುವವರು ತೆಲುಗಿನಲ್ಲಿ ರಾಗ ಎಳೆಯುತ್ತಾರೆ. ಜಡೆಮ್ಮನ ತೆಲುಗು ಅವರದಕ್ಕಿಂತ ಗಟ್ಟಿ. "ಕಾರ್ಡು ಚೂಪಿಂಚು ನಾಯನಾ" ಎಂದು ಕೈ ಚಾಚಿ ನಿಂತರೆ ಮುಗಿಯಿತು. ಉಳಿದವರೆಲ್ಲರ ಬಾಯಲ್ಲೂ ಒಂದೇ ಹಾಡು: "ಆಂಟಿ, ಕಾರ್ಡ್‌ನ್ಯಾಗ ತಪ್ಪು ಬಂದೈತ್ರಿ. ಸಾಲಿ ಮಾಸ್ತರ ಬರದಿದ್ದು. ಖರೇ ವಯಸ್ಸು ಬ್ಯಾರೇ ಐತ್ರಿ."

ಅದು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಕಡೆ ಅರ್ಧ ಜನ ಹುಟ್ಟಿದ್ದು ಜೂನ್ ಒಂದರಂದು. ಅಪ್ಪ ಮಗುವಿನ ಕೈ ಹಿಡಿದು ಶಾಲೆಗೆ ಹೋಗುತ್ತಿದ್ದ, ಮೇಷ್ಟ್ರು ಮಗುವನ್ನು ಮೇಲಿಂದ ಕೆಳಗೆ ನೋಡಿ ಒಂದು ಇಸವಿ ಬರೆಯುತ್ತಿದ್ದರು, ಮುಂದೆ ಜೂನ್ ಒಂದು ಎಂದು ಸೇರಿಸುತ್ತಿದ್ದರು. ನನ್ನದೂ ಜೂನ್ ಒಂದೇ. ಯಾವ ಮಳೆಯಲ್ಲಿ ಹುಟ್ಟಿದೆನೋ ನಮ್ಮವ್ವನಿಗೇ ಗೊತ್ತಿರಲಿಲ್ಲ. ಜಡೆಮ್ಮನಿಗೂ ಇದೆಲ್ಲ ಗೊತ್ತು. ಆದರೂ ಬಿಡುವವಳಲ್ಲ.

"ತಪ್ಪು ಬಂದಿದ್ರ ತಿದ್ದಿಸ್ಕೊಂಡು ಬಾ. ಅಲ್ಲೀತನಕ ಬಿಳೀ ಪಟ್ಟಿ" ಎನ್ನುತ್ತಿದ್ದಳು. ಬೈದರೆ ಬೈಸಿಕೊಳ್ಳುತ್ತಿದ್ದಳು. ಎಮ್ಮೆಲ್ಲೆ ಕಡೆಯವನು ಅಂದವನಿಗೂ ಬಿಳಿಯೇ ಕಟ್ಟಿದಳು.

ಈ ನಡುವೆ ಮಗಳು ಮೌನಿಕಾಳಿಗೆ ಗಂಡು ಗೊತ್ತಾಯಿತು. ಹುಡುಗಿ ಬಿ.ಕಾಂ. ಕೊನೆಯ ವರ್ಷ. ಗಂಡು ತಂದವನು ಜಡೆಮ್ಮನ ಅಣ್ಣ ಚಿದಾನಂದಪ್ಪ. ಕುರುಗೋಡಿನ ಹುಡುಗ, ಹೆಸರು ಪರಶು, ಇಪ್ಪತ್ತನಾಲ್ಕು ವರ್ಷ, ಸ್ವಂತ ಟ್ರ್ಯಾಕ್ಟರು, ಒಂದು ಹನಿ ಕುಡಿಯುವುದಿಲ್ಲ. ಈ ಕೊನೆಯ ಮಾತಿಗೆ ಜಡೆಮ್ಮ ಮಾರುಹೋದಳು. ದಿನಾ ಬಾರಿನ ಬಾಗಿಲು ಕಾಯುವವಳಿಗೆ ಕುಡಿಯದ ಅಳಿಯ ಸಿಕ್ಕರೆ ಇನ್ನೇನು ಬೇಕು? ವೀಳ್ಯ ಬದಲಾಯಿಸಿ ಆಯಿತು, ಮುಂದಿನ ತಿಂಗಳು ಲಗ್ನ ಎಂದಾಯಿತು. ಬೀಗರಿಗೆ ಮಾತ್ರ ಚಿದಾನಂದಪ್ಪ, ತಂಗಿ ದೊಡ್ಡ ಹೋಟೆಲಿನ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ ಎಂದು ಹೇಳಿಟ್ಟಿದ್ದ.

ಆ ಭಾನುವಾರ ಮಧ್ಯಾಹ್ನ ನಾನು ಗಿರಾಕಿಗಳನ್ನು ಇಳಿಸಿ, ನೀರು ಕುಡಿಯಲು ಆ ಕಡೆ ಹೋಗಿದ್ದೆ. ಐದಾರು ಹುಡುಗರ ಗುಂಪು ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಬಂತು. "ನಮ್ಮ ಮದುಮಗನಿಗೆ ಮೊದಲು ಕಟ್ರಿ" ಎಂದು ಒಬ್ಬನನ್ನು ಮುಂದೆ ನೂಕಿದರು. ಜಡೆಮ್ಮ ಮುಖ ನೋಡದೆ ಕಾರ್ಡಿಗೆ ಕೈ ಚಾಚಿದಳು. ಆಮೇಲೆ ಮುಖ ನೋಡಿದಳು. ಪರಶು. ಹುಡುಗ ಬೆವೆತು ಹೋದ.

"ಅತ್ತಿ, ನೀವಿಲ್ಲಿ..." ಎಂದ.

"ಹೂಂ, ಇದ ನನ್ನ ಆಫೀಸು" ಎಂದಳು ಜಡೆಮ್ಮ. ಕುಡಿಯದ ಅಳಿಯ ಬಾರಿನ ಬಾಗಿಲಲ್ಲಿ ನಿಂತಿದ್ದ. ಅದನ್ನೇ ನುಂಗಲಾಗದೆ ಆಕೆ ಕಾರ್ಡು ನೋಡಿದಳು. ಜೂನ್ ಒಂದು, ಎರಡು ಸಾವಿರದ ಐದು. ಇಪ್ಪತ್ತು ಈಗಷ್ಟೇ ತುಂಬಿತ್ತು. ಮತ್ತೆ ನೋಡಿದಳು. ಫ್ಯಾನಿನ ಗಾಳಿಗೆ ಹಾರಿದ ಸೆರಗನ್ನು ಸಿಟ್ಟಿನಿಂದ ಸೊಂಟಕ್ಕೆ ಸಿಕ್ಕಿಸಿ ಮೂರನೇ ಸಲ ನೋಡಿದಳು.

"ಇಪ್ಪತ್ತನಾಕು ಅಂದಿದ್ರು" ಎಂದಳು.

"ಕಾರ್ಡ್‌ನ್ಯಾಗ ತಪ್ಪು ಬಂದೈತ್ರಿ ಅತ್ತಿ" ಎಂದ ಪರಶು, ನೆಲ ನೋಡುತ್ತ.

ಗೆಳೆಯರು ನಕ್ಕರು. "ಅತ್ತಿ ಅಂತಾನಲ್ಲಲೇ, ಹಂಗಂದ್ರ ಹಸಿರು ಗ್ಯಾರಂಟಿ" ಎಂದ ಒಬ್ಬ. ಜಡೆಮ್ಮ ಬಿಳಿ ಪಟ್ಟಿ ಹರಿದು ಪರಶುವಿನ ಕೈಗೆ ಕಟ್ಟಿದಳು. ಹುಡುಗ ಈಜುಕೊಳದ ಕಡೆ ಹೋಗಿ, ಬಟ್ಟೆ ಸಮೇತ ಮೆಟ್ಟಿಲ ಮೇಲೆ ಕೂತ.

ಸಂಜೆ ಕೆಲಸದವರನ್ನೆಲ್ಲ ಅವರವರ ಜಾಗದಲ್ಲಿ ಇಳಿಸಿ ಪಾರ್ವತಿನಗರಕ್ಕೆ ಬರುವಷ್ಟರಲ್ಲಿ ವ್ಯಾನಿನಲ್ಲಿ ಉಳಿದವರು ನಾವಿಬ್ಬರೇ. ಜಡೆಮ್ಮ ಕಿಟಕಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ನನಗೆ ರೇಗಿತು.

"ಏನಾಗೈತಿ ಜಡೆಮ್ಮ? ಒಂದು ಬೀರಿಗೆ ಬಂದಿದ್ದ. ಗಂಡು ಹುಡುಗ್ರು ಬರ್ತಾರ. ಅಷ್ಟಕ್ಕ ಆಕಾಶ ಬಿತ್ತೇನು?"

"ಬೀರಿಂದು ಬಿಡು ಎರ್ರಣ್ಣ. ಲಗ್ನಕ್ಕೂ ಗಂಡಿಗೆ ಇಪ್ಪತ್ತೊಂದು ತುಂಬಿರಬೇಕಲ್ಲ? ನನ್ನ ಕೈಯ್ಯಾರ ಬಿಳೀ ಪಟ್ಟಿ ಕಟ್ಟಿದವನಿಗೆ ನನ್ನ ಮಗಳನ್ನ ಹೆಂಗ ಕಟ್ಲಿ?"

ನನಗೆ ಅದು ಹೊಳೆದೇ ಇರಲಿಲ್ಲ. ಆದರೂ ಸೋಲಲು ಇಷ್ಟವಿಲ್ಲದೆ, ಕಾರ್ಡು ತಪ್ಪಿರಬಹುದು, ತೋಳು ನೋಡಿದರೆ ಇಪ್ಪತ್ತೈದರ ಆಳಿನ ಹಾಗಿದ್ದಾನೆ ಎಂದೆ.

"ದಿನಾ ಎಲ್ಲರೂ ಅದನ್ನ ಹೇಳ್ತಾರ. ಯಾರ ಮಾತನ್ನೂ ನಂಬಿಲ್ಲ ನಾನು. ಇವನದು ನಂಬಿದ್ರ ನಾಳೆ ಆ ಟೇಬಲ್ ಮುಂದ ಯಾವ ಮುಖ ಇಟ್ಕೊಂಡು ನಿಲ್ಲಲಿ?" ಎಂದಳು.

ಗಂಡನಿಗೆ ಫೋನು ಮಾಡಿದಳು. ರಂಗಣ್ಣ ಎಲ್ಲ ಕೇಳಿ, "ನಿಮ್ಮಣ್ಣನ್ನ ಕೇಳು" ಎಂದು ಇಟ್ಟುಬಿಟ್ಟ. ಅವನು ಹುಟ್ಟಿದಾಗಿನಿಂದ ಮಾತಾಡಿದ್ದೆಲ್ಲ ಒಂದು ಚಿಟಿಕೆ ಆದೀತು. ಅಣ್ಣನಿಗೆ ಮಾಡಿದಳು. ಚಿದಾನಂದಪ್ಪನ ದನಿ ನನ್ನ ಸೀಟಿನವರೆಗೆ ಕೇಳುತ್ತಿತ್ತು.

"ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅಂತಾರ. ನಾ ಹೇಳಿದ್ದು ಒಂದ ಸುಳ್ಳು. ಹುಡುಗನ ಅಜ್ಜಿ ಕಣ್ಣು ಮುಚ್ಚೋದರೊಳಗ ಮೊಮ್ಮಗನ ಲಗ್ನ ನೋಡಬೇಕಂತ. ನೀ ಬಾಯಿ ಮುಚ್ಕೊಂಡು ಇರು ತಂಗೆಮ್ಮ, ನಿನ್ನ ರೆಸಾರ್ಟಿನ ಕಾನೂನು ನಮ್ಮ ಮನ್ಯಾಗ ತರಬ್ಯಾಡ."

ಜಡೆಮ್ಮ ಫೋನು ಚೀಲಕ್ಕೆ ಹಾಕಿ, ತೆಗೆದು, ಮತ್ತೆ ಹಾಕಿದಳು. ಇಳಿಯುವಾಗ, "ನಾಳೆ ನನ್ನನ್ನ ಕುರುಗೋಡಿಗೆ ಕರ್ಕೊಂಡು ಹೋಗು" ಎಂದಳು. ಸೋಮವಾರ ಆಕೆಗೆ ರಜೆ. ನಾನು ವ್ಯಾನನ್ನು ಸರ್ವೀಸಿಗೆ ಬಿಡಬೇಕಿತ್ತು. ಬಿಡುವ ಮೊದಲು ಕುರುಗೋಡಿಗೆ ಹೋಗಿ ಬಂದರೆ ಡೀಸೆಲ್ ಯಾರು ಅಳೆಯುತ್ತಾರೆ ಎಂದುಕೊಂಡು ಒಪ್ಪಿದೆ.

ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಿದ್ದಳು. ಸುಳ್ಳುಗಾರರು, ಮೋಸಗಾರರು, ಮುಖಕ್ಕೆ ಉಗಿದು ಬರುತ್ತೇನೆ ಎನ್ನುತ್ತಿದ್ದಳು. ಮುಂದಿನ ಕ್ಷಣ, ಸಂಬಂಧ ಮುರಿದರೆ ಹುಡುಗಿಯ ಹೆಸರು ಹಾಳಾಗುತ್ತದೆ ಎನ್ನುತ್ತಿದ್ದಳು. ಕುರುಗೋಡಿನ ಬೆಟ್ಟ ಕಾಣುವ ಹೊತ್ತಿಗೆ ಎರಡು ಸಲ ವಾಪಸು ತಿರುಗಿಸು ಎಂದಿದ್ದಳು. ನಾನು ತಿರುಗಿಸಲಿಲ್ಲ. ಅಷ್ಟು ದೂರ ಬಂದು ವಾಪಸು ಹೋಗಲು ನಾನೇನು ಬಿಟ್ಟಿ ಬಿದ್ದಿದ್ದೇನೆಯೇ?

ಮನೆಯಲ್ಲಿ ಪರಶುವಿನ ತಾಯಿ ಯಂಕಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಕಣ್ಣು ಮುಚ್ಚಬೇಕಾಗಿದ್ದ ಅಜ್ಜಿ ಪಕ್ಕದಲ್ಲಿ ಕೂತು, ಸೊಸೆಗಿಂತ ಚುರುಕಾಗಿ ತಾನೂ ಬಿಡಿಸುತ್ತಿದ್ದಳು. "ಬರ್ರಿ ಬೀಗತಿ, ಕುಂದರ್ರಿ" ಎಂದು ಯಂಕಮ್ಮ ಚಾಪೆ ಹಾಸಿದಳು. ಜಡೆಮ್ಮ ಕೂರಲಿಲ್ಲ. ನಿಂತೇ ಕೇಳಿದಳು: "ನಿಮ್ಮ ಹುಡುಗ ಹುಟ್ಟಿದ್ದು ಯಾವಾಗ?"

ಉಗಿಯಲು ಬಂದವಳ ಬಾಯಿಂದ ಇಷ್ಟೇ ಹೊರಬಿತ್ತು. ಯಂಕಮ್ಮನಿಗೆ ಮುಚ್ಚಿಡಬೇಕು ಎಂಬುದೂ ತಿಳಿಯಲಿಲ್ಲ. ಅವಳಿಗೆ ಆ ನೆನಪು ಎಂದರೆ ಹೆಮ್ಮೆ.

"ಇಸವಿ ಪಸವಿ ನನಗ ಗೊತ್ತಿಲ್ಲ. ನನ್ನ ತವರುಮನಿ ಹೊಳಿದಂಡಿ ಊರು. ಹೊಳಿ ಊರೊಳಗ ಬಂತಲ್ಲ, ಸಿರುಗುಪ್ಪ ಕಡೆ ಊರಿಗೂರೇ ಮುಳುಗಿದ ವರ್ಷ, ಆಗ ಇವ ಇನ್ನೂ ಮೊಲಿ ಬಿಟ್ಟಿದ್ದಿಲ್ಲ. ಬಗಲಾಗ ಹೊತ್ಕೊಂಡು ಸಾಲಿ ಮಾಳಿಗಿ ಹತ್ತಿ ಕುಂತಿದ್ದೆ. ಆಮ್ಯಾಲೆ ತನ್ನ ಅಕ್ಕನ ಬೆನ್ನು ಬಿಡತಿದ್ದಿಲ್ಲ. ಆಕಿ ಸಾಲಿಗೆ ಹೋದ್ರ ಇವನೂ ಅಳತಾ ಹಿಂದ ಹೋಗಾಂವ. ಕಡೀಗೆ ಮಾಸ್ತರ ಇವನ ವಯಸ್ಸು ಹೆಚ್ಚಿಗಿ ಬರದು ಆಕಿ ಜೋಡಿ ಒಂದ ಕ್ಲಾಸಿಗೆ ಕುಂದ್ರಿಸಿದ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹೊಳೆ ಬಂದದ್ದು ಎರಡು ಸಾವಿರದ ಒಂಬತ್ತು. ಆಗ ಮೊಲೆ ಬಿಡದ ಕೂಸು ಎಂದರೆ ಈಗ ಹದಿನೆಂಟೂ ತುಂಬಿತ್ತೋ ಇಲ್ಲವೋ. ಕಾರ್ಡು ತಪ್ಪು ಎಂದು ಹುಡುಗ ಹೇಳಿದ್ದು ನಿಜವೇ ಇತ್ತು. ನಾವೆಲ್ಲ ಅಂದುಕೊಂಡದ್ದಕ್ಕೆ ತಿರುವುಮುರುವಾಗಿ ಇತ್ತು, ಅಷ್ಟೇ. ಜಡೆಮ್ಮನ ಮುಖದಿಂದ ಸಿಟ್ಟು ಇಳಿದುಹೋಯಿತು.

ಅಷ್ಟರಲ್ಲಿ ಪರಶು ಟ್ರ್ಯಾಕ್ಟರು ನಿಲ್ಲಿಸಿ ಒಳಗೆ ಬಂದ. ನಮ್ಮನ್ನು ಕಂಡವನೇ ಬಣ್ಣಗೆಟ್ಟ. ಜಡೆಮ್ಮ ಅವನನ್ನು ವ್ಯಾನಿನ ಹತ್ತಿರ ಕರೆದಳು. ನಾನು ಟೈರು ನೋಡುವವನ ಹಾಗೆ ಬಗ್ಗಿದೆ. ಕೇಳಿಸಿಕೊಳ್ಳಬೇಕಿತ್ತಲ್ಲ.

"ಖರೇ ಹೇಳು ತಮ್ಮಾ. ಕುಡಿಯಾಕ ಯಾಕ ಬಂದಿದ್ದಿ?"

"ಹೆದರಿಕಿ ಆಗಿತ್ರಿ. ಕುಡದ್ರ ಧೈರ್ಯ ಬರ್ತೈತಿ ಅಂದ್ರು."

"ಯಾವುದಕ್ಕ ಹೆದರಿಕಿ?"

ಹುಡುಗ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿದ. "ನಿಮ್ಮ ಹುಡುಗಿ ಬಿ.ಕಾಂ. ಓದ್ಯಾಳ. ನಾ ಏಳನೇತ್ತಕ್ಕ ಬಿಟ್ಟೀನಿ. ಆಕಿ ಮುಂದ ಏನು ಮಾತಾಡಬೇಕು ಅಂತ ಗೊತ್ತಾಗಂಗಿಲ್ಲ. ಲಗ್ನ ಬ್ಯಾಡ ಅಂತ ಯಾರ ಮುಂದ ಹೇಳಲಿ? ನನ್ನ ಯಾರೂ ಕೇಳಲೇ ಇಲ್ರಿ." ತೋಳಿನಿಂದ ಕಣ್ಣು ಒರೆಸಿಕೊಂಡ. ಆ ದಪ್ಪ ತೋಳಿನ ಹಿಂದೆ ಇದ್ದದ್ದು ಮೀಸೆ ಬಂದ ಮಗು.

"ನನ್ನೂ ಕೇಳಿದ್ದಿಲ್ಲ" ಎಂದಳು ಜಡೆಮ್ಮ. "ಹದಿನಾಕರಾಗ ಇದ್ದೆ. ಹದಿನೆಂಟು ಅಂತ ಬರಿಸಿದ್ರು. ಬ್ಯಾಡ ಅಂತ ಅತ್ತರ, ಅಳೋ ಮದುಮಗಳು ಚಂದ ಅಂತ ನಕ್ಕರು."

ನಾಲ್ಕು ವರ್ಷದಿಂದ ಆಕೆಯನ್ನು ವ್ಯಾನಿನಲ್ಲಿ ಕರೆತಂದು ಬಿಡುತ್ತಿದ್ದೇನೆ. ಈ ಮಾತು ಅಲ್ಲಿಯವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ.

ಆಕೆ ಒಳಗೆ ಹೋಗಿ, "ಯಂಕಮ್ಮ, ಈ ಲಗ್ನ ಆಗಂಗಿಲ್ಲ. ನಿಮ್ಮ ಹುಡುಗನ ತಪ್ಪಿಲ್ಲ, ಅವನನ್ನ ಬೈಬ್ಯಾಡ್ರಿ" ಎಂದಳು. ಅಜ್ಜಿ ಶಾಪ ಹಾಕಲು ಶುರು ಮಾಡಿದಳು. ಮನೆತನದ ಮಾನ, ಕೊಟ್ಟ ಮಾತು, ಹೆಂಗಸರ ಜಂಬ, ಒಂದನ್ನೂ ಬಿಡಲಿಲ್ಲ. ಇಷ್ಟು ಉಸಿರಿರುವ ಮುದುಕಿ ಇನ್ನೂ ಇಪ್ಪತ್ತು ವರ್ಷ ಕಣ್ಣು ಮುಚ್ಚುವುದಿಲ್ಲ ಎಂದು ನಾನು ಬಾಯಿ ಬಿಟ್ಟೇ ಹೇಳಿದೆ. ಅದು ನನಗೆ ಬೇಡವಾಗಿದ್ದ ಮಾತು, ಬೈಗುಳದಲ್ಲಿ ನನಗೂ ಪಾಲು ಬಂತು.

ಊರು ದಾಟಿದ ಮೇಲೆ ಜಡೆಮ್ಮ ಸಮಾಧಾನವಾಗಿರುತ್ತಾಳೆ ಎಂದುಕೊಂಡಿದ್ದೆ. ಇಲ್ಲ. ಮೊದಲಿಗಿಂತ ಹೆಚ್ಚು ಚಡಪಡಿಸತೊಡಗಿದಳು. "ಗಾಡಿ ನಿಲ್ಸು" ಎಂದಳು. ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಮಗಳಿಗೆ ಫೋನು ಹಚ್ಚಿದಳು.

"ಮೌನೀ, ಕುರುಗೋಡಿನ ಸಂಬಂಧ ಬಿಟ್ಟು ಬಂದೀನಿ. ಒಂದು ಮಾತು ಕೇಳ್ತೀನಿ, ಖರೇ ಹೇಳು. ನಿನಗ ಈ ಲಗ್ನ ಬೇಕಿತ್ತೇನು?"

ಹುಡುಗಿಯ ದನಿ ನನಗೂ ಕೇಳುವಷ್ಟು ಸ್ಪಷ್ಟವಾಗಿ ಬಂತು.

"ಬಿಟ್ಟು ಬಂದ ಮ್ಯಾಲೆ ಕೇಳಾಕತ್ತಿ ಏನವ್ವಾ? ವೀಳ್ಯದ ಹಿಂದಿನ ದಿನ ಕೇಳ್ತಿ ಅಂತ ಕಾಯ್ಕೊಂಡು ಕುಂತಿದ್ದೆ. ನೀ ಬಂದು ಸೀರಿ ಬಣ್ಣ ಕೇಳಿ ಹೋದಿ."