ಸುಮ್ಮನೆ ನೋಡಿ ಬಂದ ಜಪಾನಿ ಮನೆ

ಹೊಳಲ್ಕೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರಾದ ನನಗೆ ಮನೆ ಕೊಳ್ಳುವ ಯೋಚನೆಯೇ ಇರಲಿಲ್ಲ. ಆದರೂ ಒಂದು ಭಾನುವಾರ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೋದೆ. ಚಂದ್ರವಳ್ಳಿ ಕಡೆ ಸಾಂಪ್ರದಾಯಿಕ ಜಪಾನಿ ಮನೆ ಮಾರಾಟಕ್ಕಿದೆ, ಎಲ್ಲ ಆಧುನಿಕ ಸೌಕರ್ಯಗಳಿವೆ ಎಂದು ವಾಟ್ಸಾಪಿನಲ್ಲಿ ಜಾಹೀರಾತು ಬಂದಿತ್ತು. ನೋಡಿ ಬಂದು ಸೋಮವಾರ ಸ್ಟಾಫ್ ರೂಮಿನಲ್ಲಿ ವರ್ಣಿಸಬೇಕು, ಅಷ್ಟೇ ನನ್ನ ಆಸೆ.

ಬಾಗಿಲು ತೆರೆದವರು ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಊರುಗೋಲು. ಹೊಳಲ್ಕೆರೆಯ ಮೇಷ್ಟ್ರು ಎಂದು ಹೇಳಿಕೊಂಡೆ, ಒಳಗೆ ಕರೆದರು. ಅವರ ಗಂಡ ಜಪಾನಿನ ಕಾರ್ಖಾನೆಯಲ್ಲಿ ಬಹಳ ವರ್ಷ ಮೆಕ್ಯಾನಿಕ್ ಆಗಿದ್ದರಂತೆ. ಊರಿಗೆ ಮರಳಿದ ಮೇಲೆ, ಅಲ್ಲಿ ಇಬ್ಬರೂ ಬಾಡಿಗೆಗಿದ್ದಂಥ ಮನೆಯನ್ನೇ ಇಲ್ಲಿಯ ಬಡಗಿಗಳಿಂದ ಕಟ್ಟಿಸಿದ್ದರು. ಈಗ ಅವರಿಲ್ಲ.

ಮರದ ಚೌಕಟ್ಟಿಗೆ ಕಾಗದ ಹಚ್ಚಿದ, ಪಕ್ಕಕ್ಕೆ ಸರಿಯುವ ಬಾಗಿಲುಗಳು. ಅವಕ್ಕೆ ಬೇಕಾದ ಜಪಾನಿ ಕಾಗದ ಇಲ್ಲಿ ಸಿಗದೆ, ನಕ್ಷೆ ಬರೆಯುವ ಟ್ರೇಸಿಂಗ್ ಪೇಪರ್ ಅಂಟಿಸಿದ್ದರು. ನೆಲಕ್ಕೆಲ್ಲ ದಪ್ಪ ಹುಲ್ಲಿನ ಚಾಪೆ. ಜೊತೆಗೆ ಎಸಿ, ಸೋಲಾರ್ ಬಿಸಿನೀರು, ಕೂತರೆ ಕುತ್ತಿಗೆವರೆಗೂ ಮುಳುಗುವ ಮರದ ಸ್ನಾನದ ತೊಟ್ಟಿ.

"ವಾರಕ್ಕೊಂದ್ಸಲ ನೀರು ಬಿಡೋ ಊರಾಗೆ ಇದ್ಯಾಕ್ರಿ ಅಂತ ಜಗಳ ಆಡಿದ್ದೆ. ಬೋರ್ ಹಾಕ್ಸಿ ತುಂಬಿಸಿದ್ರು" ಎಂದು ನಕ್ಕರು.

"ಇಷ್ಟು ಚೆನ್ನಾಗೈತೆ, ಯಾಕಮ್ಮ ಮಾರ್ತೀರಿ?" ಎಂದು ನನ್ನ ಹೆಂಡತಿ ಕೇಳಿದಳು.

"ಇಲ್ಲಿ ಕುಂತ್ಕಳೋದು, ಮಲಗೋದು ಎಲ್ಲಾ ನೆಲದ ಮೇಲೆ ಕಣವ್ವ. ನನ್ ಮೊಣಕಾಲು ಮಡಚಾಕಾಗಲ್ಲ. ಮಂಚ ಹಾಕಿದ್ರೆ ಚಾಪೆ ಹಾಳಾಗ್ತಾವೆ. ಅವ್ರು ಮಾಡ್ಸಿದ್ದನ್ನ ನಾನೇ ಕೆಡ್ಸಾಕೆ ಮನಸ್ಸು ಬರ್ತಿಲ್ಲ. ಹಿರಿಯೂರಾಗೆ ತಂಗಿ ಮನೆ ಪಕ್ಕ ಸಣ್ಣದೊಂದು ನೋಡೀನಿ."

ಮಂಡಕ್ಕಿ ಒಗ್ಗರಣೆ, ಟೀ ತಂದುಕೊಟ್ಟರು. ತಿಂದಾದ ಮೇಲೆ, ಸುಮ್ಮನೆ ನೋಡಲು ಬಂದೆವು ಎನ್ನಲು ನನಗೆ ಬಾಯಿ ಬರಲಿಲ್ಲ. "ನಮಗೆ ಬಾಳ ಹಿಡಿಸ್ತಮ್ಮ. ಹದಿನೈದು ದಿನದಾಗೆ ತಿಳಿಸ್ತೀನಿ, ಬೇರೆಯವ್ರಿಗೆ ಮಾತು ಕೊಡಬ್ಯಾಡ್ರಿ" ಎಂದು ನಂಬರನ್ನೂ ಕೊಟ್ಟುಬಿಟ್ಟೆ. ಹೆಂಡತಿ ನನ್ನ ಮುಖ ನೋಡಿದಳು.

"ಲಾಡ್ಜ್ ಮಾಡ್ತೀನಿ ಅಂತ ಒಬ್ರು ಕೇಳ್ಯಾರೆ. ನೀವು ಸಂಸಾರ ಮಾಡ್ಕಂಡಿರ್ತೀರಿ ಅಂದ್ರೆ ಅವ್ರಿಗೆ ಬ್ಯಾಡ ಅಂತೀನಿ ಮೇಷ್ಟ್ರೇ" ಎಂದರು. ಆಗಲಾದರೂ ಹೇಳಬಹುದಿತ್ತು. ತಲೆಯಾಡಿಸಿದೆ.

ಸೋಮವಾರ ಆ ತೊಟ್ಟಿಯ ಕತೆ ಹೇಳಿ ಎಲ್ಲರನ್ನೂ ನಗಿಸಿದೆ. ಆ ಅಮ್ಮ ಫೋನ್ ಮಾಡಿದಾಗಲೆಲ್ಲ ಎತ್ತಲಿಲ್ಲ. "ಆಗಲ್ಲ ಅಂತ ಒಂದು ಮಾತು ಹೇಳ್ರಿ" ಎಂದು ಹೆಂಡತಿ ಬೈದಳು. ನಾನು ನಂಬರನ್ನೇ ಬ್ಲಾಕ್ ಮಾಡಿದೆ.

ಮರುವರ್ಷ ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಅವರೇ ನನ್ನನ್ನು ಗುರುತಿಸಿ ಕರೆದರು. ಮನೆಯ ವಿಷಯ ಕೇಳದೆ ಬೇರೆ ದಾರಿಯಿರಲಿಲ್ಲ.

"ಲಾಡ್ಜಿನೋರು ಬೇರೆ ಕಡೆ ನೋಡ್ಕಂಡ್ರು. ಕೊನೆಗೆ ಗೋಡೌನಿಗೆ ಅಂತ ಒಬ್ರು ತಗಂಡ್ರು. ಅದಿರ್ಲಿ, ನೀವು ಫೋನ್ ಎತ್ತಲಿಲ್ಲ ನೋಡ್ರಿ, ಬೈಕಿನಾಗೆ ಹೋಗೋರು, ಏನಾರ ಆಯ್ತೇನೋ ಅಂತ ಬಾಳ ದಿನ ಹೆದ್ರಿದ್ದೆ."

"ಫೋನ್ ಕಳೆದೋಗಿತ್ತಮ್ಮ" ಎಂದೆ. ಅವರು ನಂಬಿ ಹೊಸ ನಂಬರು ಕೇಳಿದರು. ಹೆಂಡತಿಯ ನಂಬರು ಕೊಟ್ಟೆ.

ಎರಡು ದಿನದ ಮೇಲೆ ಅವರು ಫೋನ್ ಮಾಡಿದಾಗ ನನ್ನ ಹೆಂಡತಿ ಇದ್ದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದಳು. ನಾನು ಒಳಕೋಣೆಯಲ್ಲಿ ನಿಂತು ಕೇಳಿಸಿಕೊಂಡೆ, ಹೊರಗೆ ಬರಲಿಲ್ಲ.

"ಏನಂದ್ರು?" ಎಂದೆ ಆಮೇಲೆ.

"ಹಂಗೇನವ್ವ ಅಂದ್ರು. ಫೋನ್ ಇಟ್ಬಿಟ್ರು."

ಮತ್ತೆ ಅವರು ಫೋನ್ ಮಾಡಲಿಲ್ಲ.