ಗುಣಿಗೆ ಬಿಟ್ಟ ಹಾಲು

ಶಾಂತಾ, ಆ ತಾಯಿ ಮುಸುವಕ್ಕೆ ವಿಷ ಇಟ್ಟವಳು ನಾನು. ನೀನಲ್ಲ.

ಹಿತ್ತಿಲ ಹುಣಸೆಮರದಲ್ಲಿ ಆ ಮುಸುವಗಳ ಗುಂಪು ಇತ್ತಲ್ಲ — ಕಪ್ಪು ಮುಖ, ಉದ್ದ ಬಾಲದ ಕೋತಿಗಳು. ನೀನು ನನ್ನ ಮೈದುನನ ಹೆಂಡತಿಯಾಗಿ ಬಂದ ವರ್ಷ ಅದರಲ್ಲೊಂದು ಮರಿ ಹಾಕಿತು. ಕಪ್ಪನೆಯ ಮರಿ, ಹಿಡಿಯಷ್ಟು. ಉಳಿದ ಹೆಣ್ಣುಗಳೆಲ್ಲ ಕೈಯಿಂದ ಕೈಗೆ ಈಸಿಕೊಂಡು ಎತ್ತಾಡುತ್ತಿದ್ದವು; ಹಾಲಿಗೆ ಮಾತ್ರ ತಾಯಿ.

"ಓರಗಿತ್ತೀರು ಅಂದ್ರೆ ಇಂಗಿರ್ಬೇಕು ಕಣಕ್ಕ," ಎಂದು ನೀನು ನಕ್ಕಿದ್ದೆ.

ಶನಿವಾರ ಶನಿವಾರ ಆಂಜನೇಯನ ಹೆಸರಿನಲ್ಲಿ ಬಾಳೆಹಣ್ಣು ಕೊಡುತ್ತಿದ್ದೆ. ಆ ತಾಯಿ ನನ್ನ ಕೈಯಿಂದಲೇ ತೆಗೆದುಕೊಳ್ಳುತ್ತಿತ್ತು. ಆದರೆ ಚಪ್ಪರದ ಅವರೆ ಹೂವನ್ನೆಲ್ಲ ತಿಂದು ಮುಗಿಸಿದವು — ಮೊದಲ ಕಾಯಿ ಸ್ವಾಮಿಗೆ ಎಂದು ಹರಕೆ ಹೊತ್ತಿದ್ದೆ. ಹೊಗೆಸೊಪ್ಪಿಗೆ ಹೊಡೆಯುವ ಔಷಧಿಯನ್ನು ಹಣ್ಣಿಗೆ ಸವರಿದೆ. ಶನಿವಾರವೇ. ಬೇರೆ ದಿನ ಅದು ಇಳಿಯುತ್ತಿರಲಿಲ್ಲ —

ಸತ್ತದ್ದನ್ನು ಊರವರು ದೇವರೆಂದು ಹೂಳಿದರು. ವಿಷ ಇಟ್ಟವರು ಯಾರು ಎಂದಾಗ ಎಲ್ಲರೂ ನಿನ್ನ ಕಡೆ ನೋಡಿದರು. ಕಲ್ಲು ಬೀರಿ ಓಡಿಸುತ್ತಿದ್ದವಳು ನೀನು. ಬಸುರಿ ಬೇರೆ.

"ಮರೀನ ತಬ್ಬಲಿ ಮಾಡ್ದೋಳೆ, ನಿನ್ ಒಟ್ಟೇಲಿರೋದು ಉಳ್ಕತದಾ?" ಅಂದರು ಅತ್ತೆ.

"ಕಲ್ಲು ಬೀರಿವ್ನಿ, ಇಸ ಇಕ್ಕಿಲ್ಲ. ಅಕ್ಕ, ನೀವಾರ ಯೋಳಿ ಕಣಕ್ಕ."

"ನಂಗೇನ್ ಗೊತ್ತವ್ವ? ದೇವ್ರ ಮುಂದೆ ನಿಂತ್ಕಂಡು ನೀನೇ ಯೋಳು."

ನನ್ನ ಬಾಯಿಂದ ಬಂದದ್ದು ಅಷ್ಟೇ.

ಮೂರನೆಯ ದಿನ ಹಾಲು-ತುಪ್ಪ. ನಿನ್ನನ್ನು ಬೇಲಿಯಾಚೆ ನಿಲ್ಲಿಸಿ, ಪುಣ್ಯವಂತೆ ಎಂದು ನನ್ನ ಕೈಗೆ ಚೊಂಬು ಕೊಟ್ಟರು. ಕೆಳಗೆ, ತಾಯಿಯನ್ನು ಹೂಳಿದ ಗುಣಿಯ ಮೇಲೆ ನಾನು ಹಾಲು ಬಿಡುತ್ತಿದ್ದೆ. ಮೇಲೆ ಕೊಂಬೆಯಲ್ಲಿ ಆ ಮರಿ ಒಂದು ಹೆಣ್ಣಿನ ಎದೆಯಿಂದ ಇನ್ನೊಂದರ ಎದೆಗೆ ಹೋಗಿ ಬರೀ ತೊಗಲು ಚೀಪುತ್ತಿತ್ತು. ಅದು ಸತ್ತ ಮೇಲೂ, ಒಣಗಿ ಚಕ್ಕಳವಾಗುವ ತನಕ, ಆ ಹೆಣ್ಣುಗಳು ಹೊತ್ತು ತಿರುಗಿದವು. ಕೆಳಗೆ ಹಾಕಲಿಲ್ಲ.

ನಿನ್ನ ಬಸಿರು ಮುಂದಿನ ತಿಂಗಳು ಇಳಿದುಹೋಯಿತು. ಅತ್ತೆ ನಿನ್ನನ್ನು ತವರಿಗೆ, ಹೊಸ ಅಗ್ರಹಾರದ ಬಸ್ಸಿಗೆ ಹತ್ತಿಸಿದರು. ಬಟ್ಟೆಯ ಗಂಟು ಕಟ್ಟಿಕೊಟ್ಟವಳು ನಾನೇ. ಮೈದುನ ಕರೆಯಲು ಬರಲಿಲ್ಲ, ಇನ್ನೊಂದು ಮದುವೆಯಾದ.

ಸಣ್ಣಪುಟ್ಟದ್ದಕ್ಕೂ ಸ್ವಾಮಿಗೆ ಕೈಮುಗಿಯುವವಳು ನಾನು — ಹಾಲು ಒಡೆಯದಿದ್ದರೆ, ಮಕ್ಕಳ ಜ್ವರ ಇಳಿದರೆ. ನೀನು ಬಸ್ಸು ಹತ್ತಿದ ದಿನವೂ ಕೈಮುಗಿದೆ, ಶಾಂತಾ. ವಿಷ ನೀನಿಟ್ಟೆಯಾ ಎಂದು ಯಾರೂ ನನ್ನನ್ನು ಕೇಳಲಿಲ್ಲವಲ್ಲ ಎಂದು.

ಈ ಶನಿವಾರ ಗುಡಿಯಲ್ಲಿ ಎಲ್ಲರ ಮುಂದೆ ಹೇಳುತ್ತೇನೆ. ನಿನಗೆ ಏನೂ ಮರಳುವುದಿಲ್ಲ, ಗೊತ್ತು —

ಹುಣಸೆಮರದಲ್ಲಿ ಮುಸುವಗಳು ಈಗಲೂ ಇವೆ. ಆಮೇಲೆ ಹುಟ್ಟಿದವು, ಏನೂ ತಿಳಿಯದವು. ನನ್ನನ್ನು ಕಂಡರೆ ಕೈಚಾಚಿ ಇಳಿಯುತ್ತವೆ. ಇನ್ನು ಈ ಕೈಯಿಂದ ಅವಕ್ಕೆ ಹಣ್ಣು ಕೊಡುವುದಿಲ್ಲ.