ಡಿಪೊದ ಷರಾ ಅಕ್ಕ

ಬೆಳಗಿನ ಐದೂಕಾಲು. ಬಸ್ ಡಿಪೊದಲ್ಲಿ ಮೊದಲ ಎಂಜಿನ್ ಇನ್ನೂ ಕೆಮ್ಮಿಲ್ಲ. ಗೇಟಿನ ಪಕ್ಕದ ಪಡಸಾಲೆಯಲ್ಲಿ, ಗೋಡೆಯಗಲದ ಕರಿಹಲಗೆಯ ಮುಂದೆ, ಐವತ್ತೆಂಟರ ಹೆಂಗಸೊಬ್ಬರು ಸ್ಟೂಲು ಹತ್ತಿ ನಿಂತಿದ್ದಾರೆ. ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಒದ್ದೆ ಬಟ್ಟೆ. ಬಸ್ಸಿನ ನಂಬರು, ಡ್ರೈವರು, ಕಂಡಕ್ಟರು, ಮಾರ್ಗ, ಹೊರಡುವ ಹೊತ್ತು, ಇಷ್ಟನ್ನು ಚೀಟಿ ನೋಡಿ ಗುಂಡಗಿನ ಅಕ್ಷರದಲ್ಲಿ ಬರೆಯುತ್ತಾರೆ. ಕೊನೆಯ ಅಂಕಣಕ್ಕೆ ಬಂದಾಗ ಚೀಟಿ ಜೇಬಿಗೆ ಹೋಗುತ್ತದೆ. ಆ ಅಂಕಣದ ತಲೆಯ ಮೇಲೆ ಬಿಳಿ ಬಣ್ಣದಲ್ಲಿ ‘ಷರಾ’ ಎಂದಿದೆ. ಅದರಡಿಯ ಇಪ್ಪತ್ತೆಂಟು ಸಾಲುಗಳಲ್ಲೂ ಒಂದೇ ಪದ ಬರೆಯುತ್ತ ಕೆಳಗಿಳಿಯುತ್ತಾರೆ. ಪುಟ, ಪುಟ, ಪುಟ.

“ಇದೊಂದು ಬರೀದೆ ಹೋದ್ರೆ ನಮ್ಮ ಮೇಸ್ತ್ರಿ ವ್ಯಾನ್ ತಗೊಂಡು ಹೊರಟುಬಿಡ್ತಾರೆ,” ಎಂದು ನಗುತ್ತಾರೆ. ಆ ಕಥೆಗೆ ಆಮೇಲೆ ಬರೋಣ.

ಆರರ ಹೊತ್ತಿಗೆ ಡ್ರೈವರು ಕಂಡಕ್ಟರುಗಳು ಒಬ್ಬೊಬ್ಬರಾಗಿ ಬರುತ್ತಾರೆ. ತಮ್ಮ ಬಸ್ಸು ಯಾವುದೆಂದು ನೋಡಿಕೊಂಡು, ಷರಾದಲ್ಲಿ ‘ಪುಟ’ದ ಮುಂದೆ ತಾವು ಓದುತ್ತಿರುವುದನ್ನು ಬರೆದು ಹೋಗುತ್ತಾರೆ. ಜಾಗ ಇರುವುದು ಒಂದು ಗೇಣು. ಹಾಗಾಗಿ ಮಾತು ಹಿಡಿಯಷ್ಟೇ. ‘ಪುಟ 88. ಮದುವೆ ಮುರಿಯಿತು. ಒಳ್ಳೆಯದೇ ಆಯಿತು.’ ‘ಪುಟ 12. ಜೇನು ಸಾಕಣೆ. ಕಚ್ಚಿಸಿಕೊಳ್ಳದೆ ಓದಬಹುದು.’ ‘ಪುಟ 201. ಕೊಂದವನು ಅಡುಗೆಯವನಲ್ಲ. ಗೊತ್ತಿದ್ದವರು ಬಾಯಿ ಮುಚ್ಚಿಕೊಂಡಿರಿ.’ ಒಬ್ಬರು ಬರೆದದ್ದು ನೋಡಿ ಇನ್ನೊಬ್ಬರಿಗೆ ಆಸೆ ಹುಟ್ಟುತ್ತದೆ, ಪುಸ್ತಕ ಕೈ ಬದಲಾಯಿಸುತ್ತದೆ. ಇವತ್ತು ಇಪ್ಪತ್ತೆಂಟು ಸಾಲಿನಲ್ಲಿ ಇಪ್ಪತ್ತೊಂದು ತುಂಬಿವೆ. ಡಿಪೊಕ್ಕೆಲ್ಲ ಈ ಓದಿನ ಹುಚ್ಚು ಹಿಡಿಸಿದವರು ಓದಿದ್ದು ಏಳನೆಯ ತರಗತಿ, ಮಾಡುವುದು ಕಸ ಗುಡಿಸುವ ಕೆಲಸ. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಮಿಕ್ಕವರಿಗೆಲ್ಲ ಅವರು ಷರಾ ಅಕ್ಕ.

ತಾಯಿ ಹಾಸಿಗೆ ಹಿಡಿದಾಗ ಅಕ್ಕನಿಗೆ ಹದಿಮೂರು. ಹಿಂದೆ ಮೂವರು ತಮ್ಮಂದಿರು. “ಶಾಲೆ ಬಿಟ್ಟೆ, ಆದ್ರೆ ಕಾಪಿ ಬರೆಯೋದು ಬಿಡಲಿಲ್ಲ. ಮೂರು ಜನರ ಕಾಪಿ ಪುಸ್ತಕಾನೂ ನಾನೇ ಬರೆದುಕೊಡ್ತಿದ್ದೆ. ಮೇಷ್ಟ್ರು ಅವರ ಅಕ್ಷರ ಹೊಗಳೋರು, ಇವರು ಮನೆಗೆ ಬಂದು ನನ್ನ ಕಾಲು ಒತ್ತೋರು!” ಆ ಗುಂಡಕ್ಷರವೇ ಮುಂದೆ ಕೈ ಹಿಡಿಯಿತು. ಡಿಪೊಕ್ಕೆ ಸೇರಿದ ಮೂರನೆಯ ವರ್ಷ, ಹಲಗೆ ಬರೆಯುವ ಗುಮಾಸ್ತರ ಕಾಗೆ ಕಾಲು ಗುಬ್ಬಿ ಕಾಲು ಓದಲಾಗದೆ ಡ್ರೈವರೊಬ್ಬರು ಬೇರೆಯೇ ಊರಿಗೆ ಬಸ್ಸು ಹೊಡೆದುಕೊಂಡು ಹೋದರು. ಮರುದಿನ ಸೀಮೆಸುಣ್ಣ ಅಕ್ಕನ ಕೈಗೆ ಬಂತು. ಪೊರಕೆ ಮಾತ್ರ ಕೈ ಬಿಡಲಿಲ್ಲ. ಈಗಲೂ ದಿನಕ್ಕೆ ಹದಿನಾಲ್ಕು ಬಸ್ಸು, ಬಸ್ಸಿಗೆ ಎರಡು ಬಕೆಟ್ ನೀರು. ಮೆಟ್ಟಿಲು ಹತ್ತಿ ಇಳಿದು ಮಂಡಿ ಸವೆದಿದೆ.

ಸೀಟಿನ ಕೆಳಗೆ ಏನೆಲ್ಲ ಸಿಗುತ್ತದೆ ಎಂದು ಕೇಳಿದರೆ ಅಕ್ಕನ ಪಟ್ಟಿ ಮುಗಿಯುವುದಿಲ್ಲ. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಹಲ್ಲಿನ ಸೆಟ್ಟು. ಹನ್ನೊಂದು ವರ್ಷದ ಹಿಂದೆ ಸಿಕ್ಕಿದ್ದು ನೀಲಿ ರಟ್ಟಿನ ದಪ್ಪ ಕಾದಂಬರಿ. 112ನೆಯ ಪುಟದಲ್ಲಿ ಗುರುತಿಗೆಂದು ಬಸ್ ಟಿಕೆಟ್ ಇಟ್ಟಿತ್ತು. “ಅರ್ಧ ಊಟದಲ್ಲಿ ತಟ್ಟೆ ಬಿಟ್ಟು ಎದ್ದಂಗೆ ಕಾಣಿಸ್ತು. ಪಾಪ, ಎಷ್ಟು ಒದ್ದಾಡ್ತಿದಾರೋ ಅನ್ನಿಸ್ತು.” ಹಲಗೆಯ ಪಕ್ಕದಲ್ಲೇ ಕಳೆದುಹೋದ ಸಾಮಾನಿನ ಕಿಟಕಿ. ಕೊಡೆ ಹುಡುಕಿ ಬಂದವರೆಲ್ಲ ಹಲಗೆಯ ಮುಂದೆಯೇ ಸಾಲು ನಿಲ್ಲಬೇಕು. ಬಸ್ಸಿನ ದೋಷ ಬರೆಯಲೆಂದು ಮಾಡಿದ್ದ ಷರಾ ಅಂಕಣವೋ, ವರ್ಕ್‌ಶಾಪಿನವರು ತಮ್ಮದೇ ಪುಸ್ತಕ ಇಟ್ಟುಕೊಂಡದ್ದರಿಂದ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಅಲ್ಲಿ, ಬಸ್ಸುಗಳ ಸಾಲೆಲ್ಲ ಮುಗಿದ ಮೇಲಿನ ತೀರಾ ಕೆಳಗಿನ ಜಾಗದಲ್ಲಿ, ಅಕ್ಕ ಬರೆದರು: ‘ನೀಲಿ ರಟ್ಟು. ಪುಟ 112ರಲ್ಲಿ ಟಿಕೆಟ್ ಇದೆ. ಯಾರದು?’

ಸಂಜೆ ಅದರ ಮೇಲಿನ ಸಾಲಿನಲ್ಲಿ ಕಂಡಕ್ಟರೊಬ್ಬರ ಉತ್ತರ ಇತ್ತು: ‘ನನ್ನದಲ್ಲ. ನನ್ನದು ಕೆಂಪು ರಟ್ಟು, 40ರಲ್ಲಿದ್ದೇನೆ.’ ಯಾರೂ ಕೇಳಿರಲಿಲ್ಲ. ಆದರೂ ಮಾರನೆಯ ದಿನ ಮತ್ತಿಬ್ಬರು ಬರೆದರು, ವಾರದಲ್ಲಿ ಹತ್ತು ಮಂದಿ. ನೀಲಿ ಪುಸ್ತಕದವರು ಮಾತ್ರ ಬರಲಿಲ್ಲ. ವರ್ಷ ಕಳೆದ ಮೇಲೆ, ನಿಯಮದಂತೆ, ಪುಸ್ತಕ ಸಿಕ್ಕವರಿಗೇ ಸೇರಿತು. ಅಕ್ಕ ಕಾಗದಕ್ಕೆ ಸಹಿ ಹಾಕಿ ಮನೆಗೆ ಒಯ್ದರು, ಹಲಗೆಯ ತೀರಾ ಕೆಳಗಿನ ಆ ಸಾಲು ಬರೆಯುವುದನ್ನು ನಿಲ್ಲಿಸಲಿಲ್ಲ.

ಇನ್ನು ಮೇಸ್ತ್ರಿಯ ಕಥೆ. ಎರಡು ವರ್ಷದ ಹಿಂದೆ ವರ್ಕ್‌ಶಾಪಿಗೆ ಹೊಸ ಮೇಸ್ತ್ರಿ ಬಂದರು. ಶಿಸ್ತಿನ ಮನುಷ್ಯ, ಷರಾ ಎಂದರೆ ದೋಷ ಎಂದೇ ಕಲಿತವರು. ಹದಿನೇಳನೆಯ ನಂಬರಿನ ಡ್ರೈವರು ಒಂದು ತತ್ವಶಾಸ್ತ್ರದ ಪುಸ್ತಕಕ್ಕೆ ಕೈ ಹಾಕಿ ಕೈ ಸುಟ್ಟುಕೊಂಡಿದ್ದರು. ಹೊರಡುವ ಮುನ್ನ ‘63ರಲ್ಲಿ ನಿಂತಿದೆ. ಏನು ಮಾಡಿದರೂ ಮುಂದೆ ಹೋಗುತ್ತಿಲ್ಲ’ ಎಂದು ಬರೆದು ಹೋದರು. ಮೇಸ್ತ್ರಿ ಅದನ್ನು ಓದಿದ್ದೇ ತಡ, ಇಬ್ಬರು ಮೆಕ್ಯಾನಿಕ್ಕುಗಳು, ಜಾಕು, ಹಗ್ಗ ಸಮೇತ ವ್ಯಾನಿನಲ್ಲಿ ಅರವತ್ತಮೂರನೆಯ ಕಿಲೋಮೀಟರ್ ಕಲ್ಲಿಗೆ ಹಾರಿದರು. ಅಲ್ಲಿ ಬಸ್ಸೂ ಇಲ್ಲ, ಬಸ್ಸಿನ ನೆರಳೂ ಇಲ್ಲ. ಬಿಸಿಲಿನಲ್ಲಿ ಕಾದು ನಿಂತಿರುವಾಗ ಹದಿನೇಳನೆಯ ನಂಬರು ವಾಪಸಾಗುತ್ತ ಭರ್ರನೆ ಬಂತು. ಡ್ರೈವರು ತಲೆ ಹೊರಗೆ ಹಾಕಿ, “ಏನ್ ಮೇಸ್ತ್ರಿ, ವ್ಯಾನ್ ಕೆಟ್ಟು ನಿಂತಿದ್ಯಾ? ಎಳ್ಕೊಂಡು ಹೋಗ್ಲಾ?” ಎಂದರು.

ಡಿಪೊ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಮ್ಯಾನೇಜರು ನಗಲಿಲ್ಲ. ನಾಳೆಯಿಂದ ಷರಾದಲ್ಲಿ ಒಂದಕ್ಷರ ಇರಕೂಡದು ಎಂದು ಆಜ್ಞೆ ಹೊರಡಿಸಿದರು. ಅದುವರೆಗೆ ಅವರೆದುರು ಬಾಯಿ ಬಿಡದ ಅಕ್ಕ ಅಂದು ಒದ್ದೆ ಬಟ್ಟೆ ಹಿಡಿದೇ ಕೇಳಿದರು. “ಮೇಲಿಂದೆಲ್ಲ ಒರೆಸ್ತೀನಿ ಸಾರ್. ಕೆಳಗಿಂದು ಒಂದು ಬಿಡಿ. ಅದು ಓದೋರದಲ್ಲ, ಕಳ್ಕೊಂಡೋರದು.” ಮ್ಯಾನೇಜರು ಬಿಡಲಿಲ್ಲ.

ಒಂಬತ್ತು ದಿನ ಹಲಗೆಯ ಆ ಗೇಣಗಲ ಕಪ್ಪಾಗಿಯೇ ಇತ್ತು. ಈ ಮಾತಿಗೆ ಬಂದಾಗ ಮಾತ್ರ ಅಕ್ಕನ ನಗು ಮಾಯವಾಗುತ್ತದೆ. “ಹನ್ನೊಂದು ವರ್ಷದಲ್ಲಿ ಬರದವರು ಆ ಒಂಬತ್ತು ದಿನದಲ್ಲೇ ಬಂದು, ಹಲಗೆ ನೋಡಿ, ಏನೂ ಇಲ್ಲ ಅಂತ ವಾಪಸ್ ಹೋಗಿದ್ರೆ?”

ಹತ್ತನೆಯ ಬೆಳಿಗ್ಗೆ ಅಕ್ಕ ಬರುವಷ್ಟರಲ್ಲಿ ಷರಾದಲ್ಲಿ ಯಾರೋ ಬರೆದಿದ್ದರು. ಹದಿನೇಳನೆಯ ಸಾಲಿನಲ್ಲಿ, ಎಣ್ಣೆ ಬೆರಳಿನ ಗುರುತಿನ ಜೊತೆ: ‘ಪುಟ 63 ದಾಟಿತು. ದೋಷವೇನಿಲ್ಲ. ಗೇರ್ ಇಳಿಸಿ ನಿಧಾನಕ್ಕೆ ಓದಬೇಕು.’ ಮೇಸ್ತ್ರಿ! ತನ್ನನ್ನು ಬಿಸಿಲಿನಲ್ಲಿ ನಿಲ್ಲಿಸಿದ ಪುಸ್ತಕ ಎಂಥದ್ದೆಂದು ಡ್ರೈವರಿಂದ ಕಸಿದುಕೊಂಡು ಓದಿದ್ದರಂತೆ. “ಕೆಟ್ಟು ನಿಂತಿದೆ ಅಂದ್ಮೇಲೆ ಬಿಚ್ಚಿ ನೋಡದೆ ಇರಕ್ಕಾಗುತ್ತಾ?” ಎನ್ನುತ್ತಾರೆ ಅವರು. ಮೋಸಹೋದವರೇ ಮುನಿಸು ಬಿಟ್ಟ ಮೇಲೆ ಮ್ಯಾನೇಜರು ತಾನೇ ಏನು ಮಾಡಿಯಾರು? ಹಲಗೆ ನೋಡಿ, “ಈ ‘ಪುಟ’ ಅನ್ನೋದು ಅವತ್ತೇ ಇದ್ದಿದ್ರೆ ಡೀಸೆಲ್ ಉಳೀತಿತ್ತು. ಇನ್ಮೇಲೆ ಮೊದಲು ಪುಟ, ಆಮೇಲೆ ನಂಬರು,” ಎಂದು ಹೇಳಿ ಒಳಗೆ ಹೋದರು. ಅಂದಿನಿಂದ ದಿನಾ ಬೆಳಿಗ್ಗೆ ಇಪ್ಪತ್ತೆಂಟು ‘ಪುಟ’.

ಅಕ್ಕನ ಮನೆ ಡಿಪೊದ ಹಿಂದಿನ ರಸ್ತೆಯಲ್ಲಿ. ಮುಂದಿನ ಕೋಣೆಯಲ್ಲಿ ಮನೆಯವರ ಹೊಲಿಗೆ ಯಂತ್ರ. ಮಧ್ಯಾಹ್ನ ಅವರು ಕಾಲಿನಿಂದ ತುಳಿಯುತ್ತಾರೆ, ಅಕ್ಕ ಪಕ್ಕದಲ್ಲಿ ಕುಳಿತು ಡಿಪೊದಿಂದ ತಂದದ್ದನ್ನು ಓದಿ ಹೇಳುತ್ತಾರೆ. ಕಥೆ ಬಿಗಿಯಾದರೆ ಯಂತ್ರ ನಿಲ್ಲುತ್ತದೆ. ನೀಲಿ ಪುಸ್ತಕವನ್ನು ಹೀಗೆಯೇ ನಾಲ್ಕು ಸಲ ಓದಿಯಾಗಿದೆ. ಪ್ರತಿ ಸಲವೂ ಟಿಕೆಟ್ ಇರುವವರೆಗೆ ಮಾತ್ರ.

“ದೋಣಿ ಹತ್ತಿದವಳು ದಡ ಸೇರಿದಳೋ ಇಲ್ವೋ, ಅದು ಗೊತ್ತಾಗದೆ ಹತ್ತು ವರ್ಷ ಆಯ್ತು ನನಗೆ,” ಎಂದು ದೂರುತ್ತಾರೆ ಮನೆಯವರು. “ಒಂದೇ ಒಂದು ಹಾಳೆ ತಿರುಗಿಸು ಅಂದ್ರೆ ಕೇಳಲ್ಲ. ಪುಸ್ತಕ ಇವಳದೇ ಅಂತ ಸಹಿ ಬೇರೆ ಆಗಿದೆ!”

“ಕಾಗದದ ಪ್ರಕಾರ ಪುಸ್ತಕ ನಂದು ರೀ. ಟಿಕೆಟ್ ಅವರದು,” ಎನ್ನುತ್ತಾರೆ ಅಕ್ಕ. “ಅವರನ್ನ ಅಲ್ಲೇ ಬಿಟ್ಟು ನಾವು ಹೆಂಗೆ ಮುಂದೆ ಹೋಗೋದು?”

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಜೊತೆಗೆ ಗುಡಿಸುವಾಕೆಗೆ ಹಲಗೆ ಬರೆಯುವುದನ್ನು ಕಲಿಸುತ್ತಿದ್ದಾರೆ. ಕೆಳಗಿನ ಸಾಲನ್ನು ಆಕೆ ಈಗಾಗಲೇ ಬಾಯಿಪಾಠ ಮಾಡಿದ್ದಾಳೆ. ಹೋಗುವ ಮುಂಚೆ ಆಸೆ ಏನಾದರೂ ಉಳಿದಿದೆಯೇ ಎಂದರೆ ಅಕ್ಕ ಹಲಗೆಯೆದುರಿನ ಬೆಂಚು ತೋರಿಸುತ್ತಾರೆ. “ಅವರು ಬರಬೇಕು. ಈ ಬೆಂಚಿನ ಮೇಲೆ ಕೂತು 113 ಅವರೇ ಓದಲಿ, ನಾನು ಕೇಳ್ತೀನಿ. ಇಷ್ಟು ದಿನ ಬೇರೆಯವರಿಗೆ ಓದಿದ್ದೇ ಆಯ್ತು.”

ಮೊದಲ ಬಸ್ಸು ಗೇಟು ದಾಟುತ್ತದೆ. ಅಕ್ಕ ಸ್ಟೂಲು ಸರಿಸಿ, ನೋಯುವ ಮಂಡಿ ಹಿಡಿದು ಹಲಗೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ. ‘ಯಾರದು?’ ಎಂದು ಕೇಳುವುದನ್ನು ಅವರು ಎಂದೋ ಬಿಟ್ಟಿದ್ದಾರೆ. ಈಗ ಅಲ್ಲಿ ಬರೆಯುವುದು ಇಷ್ಟು:

‘ನೀಲಿ ರಟ್ಟು. ಪುಟ 112. ನಾನೂ ಇಲ್ಲೇ ಇದ್ದೇನೆ.’